ಕಲ್ಲಿಗೆ ವಿಳಾಸವುಂಟು

ಹಂಪಿ ನೋಡಲು ಬಂದವರಿಗೆ ಕಮಲಾಪುರವೆಂದರೆ ಊಟದ ಊರು, ಆಟೋ ಹಿಡಿಯುವ ಊರು. ಹೊಸಪೇಟೆಯ ಬಸ್ಸಿನಿಂದ ಇಳಿದು, ಚಹಾ ಕುಡಿದು, ವಿರೂಪಾಕ್ಷನ ಗೋಪುರದ ಕಡೆಗೆ ಓಡುತ್ತಾರೆ. ನನಗೆ ಮಾತ್ರ ಈ ಊರು ಬಿಟ್ಟು ಕದಲುವ ಮನಸ್ಸೇ ಆಗಲಿಲ್ಲ. ವಿಜಯನಗರದ ರಾಯರ ಅರಮನೆಯ ಆವರಣ ಇಲ್ಲಿಂದ ಕೂಗಳತೆಯ ದೂರದಲ್ಲಿದೆ. ಆ ಆವರಣಕ್ಕೆ ನೀರು ಕಳಿಸುತ್ತಿದ್ದ ಕೆರೆ ಇಂದಿಗೂ ಊರಿಗೆ ಅಂಟಿಕೊಂಡೇ ಇದೆ. ಏರಿಯ ಮೇಲೆ ನಿಂತರೆ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬಾಳೆ, ಕಬ್ಬು, ಅದರಾಚೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು. ಐನೂರು ವರ್ಷದ ಹಿಂದಿನ ಸರ್ಕಾರವೊಂದು ಇನ್ನೂ ಗದ್ದೆಗೆ ನೀರು ಬಿಡುತ್ತಿದೆಯಲ್ಲ ಎಂದು ಮೈ ಜುಮ್ಮೆನ್ನುತ್ತದೆ.

ಪುರಾತತ್ವ ವಸ್ತುಸಂಗ್ರಹಾಲಯದ ನಡುವಿನ ಅಂಗಳದಲ್ಲಿ ಇಡೀ ಹಂಪಿಯ ಮಾದರಿಯಿದೆ. ನದಿ, ಗುಡ್ಡ, ಕೋಟೆಯ ಸುತ್ತುಗಳೆಲ್ಲ ಕಣ್ಣಳತೆಗೆ ಸಿಗುತ್ತವೆ. ಅದನ್ನು ಒಂದು ಸುತ್ತು ಹಾಕಿ ಬಂದರೆ ಆಮೇಲೆ ಮಹಾನವಮಿ ದಿಬ್ಬದ ಎದುರು ನಿಂತಾಗ ಅದರ ಗತ್ತು ಬೇರೆಯೇ ಆಗಿ ಕಾಣುತ್ತದೆ. ದಿಬ್ಬದ ಮೈತುಂಬ ಮೆರವಣಿಗೆ: ಆನೆ, ಕುದುರೆ, ಒಂಟೆ, ಕೋಲಾಟದ ಹೆಣ್ಣುಮಕ್ಕಳು, ಬೇಟೆಗಾರರು, ಟೊಪ್ಪಿಗೆಯ ಪರದೇಶಿಗಳು. ನವರಾತ್ರಿಯ ಒಂಬತ್ತು ದಿನ ನಾಯಕರೆಲ್ಲ ಇಲ್ಲಿಗೆ ಬಂದು ರಾಯರಿಗೆ ಕಾಣಿಸಿಕೊಳ್ಳಬೇಕಿತ್ತು, ಕಪ್ಪ ಒಪ್ಪಿಸಬೇಕಿತ್ತು.

ರಾಜ್ಯವನ್ನು ಇನ್ನೂರಕ್ಕೂ ಹೆಚ್ಚು ನಾಯಕರಿಗೆ ಹಂಚಲಾಗಿತ್ತು ಎಂದು ಅಚ್ಯುತರಾಯನ ಕಾಲದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವರಲ್ಲಿ ಒಬ್ಬನ ಲೆಕ್ಕವನ್ನೇ ನೋಡಿ: ಆದಾಯ 11 ಲಕ್ಷ ಚಿನ್ನದ ವರಹ, ಅದರಲ್ಲಿ ಮೂರನೇ ಒಂದು ಪಾಲು ರಾಯರಿಗೆ. ಜೊತೆಗೆ 30,000 ಕಾಲಾಳು, 3,000 ಕುದುರೆ, 30 ಆನೆ ಸದಾ ಸಜ್ಜಾಗಿರಬೇಕು. ಅಂದರೆ ಸಾಮ್ರಾಜ್ಯದ ಸೈನ್ಯದ ದೊಡ್ಡ ಪಾಲು ನಾಯಕರ ಮನೆಯಲ್ಲಿತ್ತು. ಅವರನ್ನು ಒಂದಾಗಿ ಹಿಡಿದದ್ದು ಈ ದಿಬ್ಬದ ಮೇಲೆ ಕೂತ ಒಬ್ಬ ಮನುಷ್ಯನ ಮೇಲಿನ ನಿಷ್ಠೆ ಮತ್ತು ಭಯ.

ದಿಬ್ಬದಿಂದ ನಾಲ್ಕು ಹೆಜ್ಜೆ ಇಟ್ಟರೆ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಬೆಳಕು ಕಂಡ ಈ ಕೊಳದ ಅಂದಕ್ಕೆ ನಾನು ಮೂಕನಾದೆ. ಕಪ್ಪು ಕಲ್ಲಿನ ಮೆಟ್ಟಿಲುಗಳು ಕೆಳಕೆಳಗೆ ಕಿರಿದಾಗುತ್ತ ನೀರಿಗಿಳಿಯುತ್ತವೆ. ಕಣ್ಣು ಕೀಲಿಸಿ ನೋಡಿದರೆ ಕಲ್ಲಿನ ಮೇಲೆ ಸಣ್ಣ ಗೀರು, ಅಕ್ಷರ, ಅಂಕೆ. ಯಾವ ದಿಕ್ಕು, ಯಾವ ಹಂತ, ಯಾವ ಸಾಲು ಎಂಬ ಗುರುತು. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ್ದರ ಸಾಕ್ಷಿ. ಕಲ್ಲಿಗೆ ವಿಳಾಸವುಂಟು, ಹೊತ್ತವನಿಗಿಲ್ಲ.

ಹೊತ್ತವರನ್ನು ಪರದೇಶಿಗಳ ಬರಹದಲ್ಲೇ ಹುಡುಕಬೇಕು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರು ಬೆಟ್ಟಗಳ ಕಡೆಗಿರುವ ರಾಯರ ಕೆರೆಯೇ ಅದೆಂದು ಹಲವರ ಅಭಿಪ್ರಾಯ. ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಜನರ ತಲೆ ಕಡಿಸಲಾಯಿತೆಂದೂ ಅವನೇ ಬರೆದ. ಬೆಳೆಯ ಹತ್ತರಲ್ಲಿ ಒಂಬತ್ತು ಪಾಲು ನಾಯಕನಿಗೆ ಹೋಗುತ್ತಿತ್ತು ಎನ್ನುತ್ತಾನೆ ನೂನಿಜ್. ಅವರಿಬ್ಬರಿಗಿಂತ ನೂರು ವರ್ಷ ಮೊದಲು, 1420ರ ಸುಮಾರಿಗೆ, ಇಲ್ಲಿಗೆ ಬಂದಿದ್ದ ಇಟಲಿಯ ನಿಕೊಲೊ ಕಾಂಟಿ ಈ ದೇಶದ ಜನರ ಬಗ್ಗೆ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: ಗುಲಾಮರು ಬಹಳ, ಸಾಲ ತೀರಿಸಲಾಗದವನು ಸಾಲ ಕೊಟ್ಟವನ ಸೊತ್ತಾಗುತ್ತಾನೆ.

ಅದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಕಮಲಾಪುರದ ಪಕ್ಕಕ್ಕೆ ವಾಷಿಂಗ್ಟನ್ ಬಂದು ನಿಂತಿದೆ. ಅಮೆರಿಕದ ಅಧ್ಯಕ್ಷರ ಶ್ವೇತಭವನ ಕಟ್ಟುವಾಗ ಬಡಗಿಗಳ ಕೂಲಿಪಟ್ಟಿಯಲ್ಲಿ ಟಾಮ್, ಪೀಟರ್, ಬೆನ್, ಹ್ಯಾರಿ, ಡೇನಿಯಲ್ ಎಂಬ ಗುಲಾಮರ ಹೆಸರುಗಳಿವೆ. ಕೂಲಿ ಹೋದದ್ದು ಅವರ ಒಡೆಯರ ಕೈಗೆ. ಎಲ್ಲರೂ ಸಮಾನರೆಂದು 1776ರಲ್ಲಿ ಸಾರಿದ ದೇಶ 1787ರ ಸಂವಿಧಾನದಲ್ಲಿ ಐವರು ಗುಲಾಮರನ್ನು ಮೂರು ತಲೆಯೆಂದು ಎಣಿಸಲು ಒಪ್ಪಿತು. ಮತ ಆ ಗುಲಾಮರದಲ್ಲ. ಆ ಲೆಕ್ಕದಿಂದ ಹೆಚ್ಚುವರಿ ಸ್ಥಾನ ಸಿಕ್ಕಿದ್ದು ದಕ್ಷಿಣದ ಒಡೆಯರಿಗೆ. ಆಮೇಲೆ ಗುಲಾಮಗಿರಿಯ ಬಗ್ಗೆಯೇ 1820ರಲ್ಲಿ ಒಂದು ರಾಜಿ, 1850ರಲ್ಲಿ ಇನ್ನೊಂದು. ಪ್ರತಿ ರಾಜಿಯಲ್ಲೂ ಉತ್ತರ ದಕ್ಷಿಣಗಳು ಮೇಜಿನ ಎರಡು ಬದಿಗೆ ಕೂತವು. ಯಾರ ಬಗ್ಗೆ ರಾಜಿಯೋ ಅವರು ಹತ್ತಿ ಹೊಲದಲ್ಲಿದ್ದರು. ಬಲಾಢ್ಯರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಎಷ್ಟು ಭವ್ಯವಾದದ್ದನ್ನು ಬೇಕಾದರೂ ಕಟ್ಟಬಲ್ಲದು. ಕುರ್ಚಿ ಖಾಲಿಯಾದ ದಿನ ಮಾತ್ರ ಅದರ ಬಿರುಕು ಬಾಯಿ ಬಿಡುತ್ತದೆ.

ಇಲ್ಲಿ ಆ ದಿನ ಬಂದದ್ದು 1542ರಲ್ಲಿ. ಅದನ್ನು ನೆನೆಯಲು ಕಮಲಾಪುರದ ಪೂರ್ವಕ್ಕಿರುವ ಪಟ್ಟಾಭಿರಾಮ ಗುಡಿಗಿಂತ ಒಳ್ಳೆಯ ಜಾಗವಿಲ್ಲ. ಜನಜಂಗುಳಿ ಇಲ್ಲ. ವಿಶಾಲ ಪ್ರಾಕಾರ, ಕಂಬದಿಂದ ಕಂಬಕ್ಕೆ ನೆರಳು ದಾಟುವ ದೊಡ್ಡ ಮಂಟಪ, ಯಾಳಿಗಳ ಮೊನಚು ಉಗುರು. ಈ ಪ್ರದೇಶ ಅಚ್ಯುತರಾಯನ ರಾಣಿಯ ಹೆಸರಿನ ವರದಾದೇವಿ ಅಮ್ಮನ ಪಟ್ಟಣವಾಗಿತ್ತು. ಅಚ್ಯುತ ತೀರಿಕೊಂಡಾಗ ಅವರ ಮಗ ಇನ್ನೂ ಬಾಲಕ. ಸೋದರಮಾವ ಸಲಕರಾಜು ತಿರುಮಲನೇ ಆ ಹುಡುಗನನ್ನು ಕೊಲ್ಲಿಸಿ ಸಿಂಹಾಸನ ಹಿಡಿದ. ಅತ್ತ ಕೃಷ್ಣದೇವರಾಯನ ಅಳಿಯ ರಾಮರಾಯ ಸದಾಶಿವರಾಯನಿಗೆ ಪಟ್ಟ ಕಟ್ಟಿ, ನಾಯಕರನ್ನು ಒಗ್ಗೂಡಿಸಿ ತಿರುಮಲನನ್ನು ಮುಗಿಸಿದ. ಕಿರೀಟ ಸದಾಶಿವನ ತಲೆಯ ಮೇಲೆ, ಅಧಿಕಾರ ರಾಮರಾಯನ ಕೈಯಲ್ಲಿ. ಅಮೆರಿಕದಲ್ಲಿ ಕುರ್ಚಿಯ ಪ್ರಶ್ನೆ ಎದ್ದದ್ದು 1860ರ ಚುನಾವಣೆಯಲ್ಲಿ. ಲಿಂಕನ್ ಗೆದ್ದು ಇನ್ನೂ ಅಧಿಕಾರ ಹಿಡಿಯುವ ಮೊದಲೇ, ಡಿಸೆಂಬರ್ 20ರಂದು, ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ನಾಲ್ಕು ತಿಂಗಳಲ್ಲಿ ಫಿರಂಗಿ ಮೊಳಗಿತು.

ವಿಜಯನಗರದ ಬೆನ್ನು ಮುರಿದದ್ದು 1565ರ ರಕ್ಕಸತಂಗಡಿ ಯುದ್ಧದಲ್ಲಿ ಎಂದು ಶಾಲೆಯಲ್ಲಿ ಓದಿದ್ದೇವೆ. ಸುಲ್ತಾನರ ಒಕ್ಕೂಟ ಗೆದ್ದದ್ದು ನಿಜ. ಆದರೆ ಆ ಏಟಿನ ನಂತರ ಮತ್ತೆ ಕೂಡಿಕೊಳ್ಳುವ ಕಸುವೇ ನಾಯಕರಲ್ಲಿ ಉಳಿದಿರಲಿಲ್ಲ. 1616ರ ಸುಮಾರಿಗೆ ಉತ್ತರಾಧಿಕಾರದ ಜಗಳದಲ್ಲಿ ಅವರೇ ಎರಡು ಪಾಳೆಯವಾಗಿ ತೋಪೂರಿನಲ್ಲಿ ಬಡಿದಾಡಿಕೊಂಡರು. ಅಮೆರಿಕ ಮಾತ್ರ ಲಕ್ಷಾಂತರ ಹೆಣ ಎಣಿಸಿದ ಮೇಲೆ ಮತ್ತೆ ಒಂದಾಯಿತು. 1865ರ ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಗೆ ಕಾನೂನಿನ ಬಾಗಿಲು ಮುಚ್ಚಿತು.

ಅಮೆರಿಕದ ಆ ಯುದ್ಧದ ಬಿಸಿ ಈ ಸೀಮೆಗೂ ತಟ್ಟಿತ್ತು. ಲಿಂಕನ್‌ನ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ತಾನದ ಕಡೆಗೆ ತಿರುಗಿದವು. ಬಳ್ಳಾರಿ, ಧಾರವಾಡದ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ನಿಂತದ್ದೇ ತಡ, ಬೆಲೆ ನೆಲ ಕಚ್ಚಿತು. ಬೆಲೆಯನ್ನು ನಂಬಿ ಸಾಲ ಮಾಡಿದವನ ಹೆಗಲಿಗೆ ಸಾಲವಷ್ಟೇ ಉಳಿಯಿತು.

ಸಾಲಕ್ಕೆ ಮೈ ಒತ್ತೆಯಿಡುವ ಪದ್ಧತಿ ಕಾಂಟಿಯ ಜೊತೆಗೆ ಹೋಗಿರಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಗೌಡರ ಮನೆಯಲ್ಲಿ ಜೀತಕ್ಕೆ ನಿಲ್ಲುವುದು ನಮ್ಮ ಅಜ್ಜಂದಿರ ಕಾಲದವರೆಗೂ ಊರೂರಿನಲ್ಲಿತ್ತು. ಬಲವಂತದ ದುಡಿಮೆ ಕೂಡದೆಂದು 1950ರ ಸಂವಿಧಾನದ 23ನೇ ವಿಧಿ ಹೇಳಿತು. ಜೀತವನ್ನು ರದ್ದುಮಾಡಿ, ಆ ಸಾಲಗಳನ್ನು ಅಳಿಸಿಹಾಕಿದ ಕಾಯ್ದೆ ಬಂದದ್ದು 1976ರಲ್ಲಿ. ರಾಯರ ವೈಭವ ನೋಡಿ ಬೆರಗಾಗಲು ಕಮಲಾಪುರಕ್ಕೆ ಬನ್ನಿ. ಬೆರಗಿಗೆ ಇಲ್ಲಿ ಕೊರತೆಯಿಲ್ಲ. ಬರುವಾಗ ಈ ಎರಡು ಇಸವಿಗಳನ್ನೂ ಜೊತೆಗಿಟ್ಟುಕೊಳ್ಳಿ: ಅಮೆರಿಕಕ್ಕೆ 1865, ನಮಗೆ 1976.