ಚರ್ಮ ನೋಡಿದವರು ಕೀಲನ್ನೂ ಕೇಳಲಿ

ನನ್ನ ಅಂಗಿಯ ಭುಜದ ಮೇಲೆ ಕಾಣುವ ಬಿಳಿ ಪುಡಿಯೆಲ್ಲ ಸೀಮೆಸುಣ್ಣದ್ದಲ್ಲ. ಸುಮಾರು ಇಪ್ಪತ್ತು ವರ್ಷಗಳಿಂದ ನನಗೆ ಸೋರಿಯಾಸಿಸ್ ಇದೆ. ತಲೆಯಲ್ಲಿ, ಮೊಣಕೈಗಳಲ್ಲಿ ಕೆಂಪಾದ ಚರ್ಮ, ಅದರ ಮೇಲೆ ಬೆಳ್ಳಗಿನ ಹೊಪ್ಪಳಿಕೆ. ವಿಜ್ಞಾನದ ಮೇಷ್ಟ್ರಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ಎಲ್ಲಿಗೆ ವರ್ಗವಾಗಿ ಹೋದರೂ ಮೊದಲ ವಾರದಲ್ಲೇ ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: ‘ಸರ್, ನಿಮ್ಮ ಕೈಗೆ ಏನಾಗೇತ್ರಿ?’ ಮಕ್ಕಳು ಕೇಳುವುದು ನನಗೆ ಇಷ್ಟ. ದೊಡ್ಡವರು ಕೇಳುವುದಿಲ್ಲ, ದೂರ ಸರಿಯುತ್ತಾರೆ. ಒಮ್ಮೆ ಪಾಲಕರೊಬ್ಬರು ತಮ್ಮ ಮಗನನ್ನು ಮುಂದಿನ ಬೆಂಚಿನಿಂದ ಹಿಂದಕ್ಕೆ ಕೂರಿಸಿರೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಹೋದದ್ದೂ ಉಂಟು.

ಅಂಥ ಪ್ರಶ್ನೆ ಬಂದ ದಿನ ಅದನ್ನೇ ಪಾಠ ಮಾಡುತ್ತೇನೆ. ಚರ್ಮದ ಹೊರಪದರದ ಜೀವಕೋಶ ಕೆಳಗೆ ಹುಟ್ಟಿ, ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಇದ್ದಲ್ಲಿ ಈ ಕೆಲಸ ನಾಲ್ಕೈದು ದಿನಗಳಲ್ಲೇ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಹೊಪ್ಪಳಿಕೆಯಾಗುತ್ತವೆ. ಇದಕ್ಕೆ ಕಾರಣ ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆಯ ಅತಿಯಾದ ಚಟುವಟಿಕೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ಇದು ಅಂಟುವ ರೋಗವಲ್ಲವೆಂದು ಸಾರಿ, ರೋಗಿಗಳನ್ನು ದೂರವಿಡುವುದರ ವಿರುದ್ಧ ಜನರಲ್ಲಿ ತಿಳಿವಳಿಕೆ ಮೂಡಿಸಬೇಕೆಂದು ನಿರ್ಣಯ ಕೈಗೊಂಡಿತು.

ಇಲ್ಲಿಗೆ ಅರ್ಧ ಪಾಠವಾಯಿತು. ಉಳಿದರ್ಧ ಕೀಲುಗಳದ್ದು. ಈ ಉರಿಯೂತ ಚರ್ಮದಲ್ಲೇ ನಿಲ್ಲಬೇಕೆಂಬ ನಿಯಮವಿಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಸೋರಿಯಾಸಿಸ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಸೋರಿಯಾಟಿಕ್ ಸಂಧಿವಾತ ಇರುತ್ತದೆ. ಏಷ್ಯಾದ ದೇಶಗಳಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಹೆಚ್ಚಿನವರಲ್ಲಿ ಮೊದಲು ಬರುವುದು ಚರ್ಮದ ಕಲೆ. ಕೀಲಿನ ತೊಂದರೆ ಹಲವು ವರ್ಷಗಳ ನಂತರ. ಅಂದರೆ ಯಾರ ಕೀಲುಗಳ ಮೇಲೆ ಕಣ್ಣಿಡಬೇಕೆಂಬುದನ್ನು ಚರ್ಮ ನಮಗೆ ಮೊದಲೇ ತಿಳಿಸಿರುತ್ತದೆ. ಬೇರೆ ಎಷ್ಟು ರೋಗಗಳಲ್ಲಿ ಇಂಥ ಮುನ್ಸೂಚನೆ ಸಿಗುತ್ತದೆ?

ಆದರೂ ನಾವು ಅದನ್ನು ಕಳೆದುಕೊಳ್ಳುತ್ತೇವೆ. ನನ್ನ ಅಣ್ಣ ರಾಮದುರ್ಗದ ಕಡೆ ಕೈಮಗ್ಗ ನಡೆಸುವವರು. ಅವರಿಗೂ ತಲೆಯಲ್ಲಿ, ಕಿವಿಯ ಹಿಂದೆ ಸೋರಿಯಾಸಿಸ್ ಇತ್ತು. ತಲೆಹೊಟ್ಟೆಂದು ಎಣ್ಣೆ ಹಚ್ಚುತ್ತಿದ್ದರು. ನಲವತ್ತು ದಾಟಿದ ಮೇಲೆ ಹಿಮ್ಮಡಿ ನೋವು ಶುರುವಾಯಿತು. ಮಗ್ಗ ತುಳಿದು ತುಳಿದು ಬಂದದ್ದೆಂದರು. ಆಮೇಲೆ ಬಲಗೈಯ ಒಂದು ಬೆರಳು ಬುಡದಿಂದ ತುದಿಯವರೆಗೆ ಗೆಣಸಿನಂತೆ ಊದಿತು. 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಜನ ಚಿಕುನ್‌ಗುನ್ಯಾದಿಂದ ನರಳಿದ ಮೇಲೆ ನಮ್ಮೂರುಗಳಲ್ಲಿ ಕೀಲು ನೋವೆಂದರೆ ಎಲ್ಲದಕ್ಕೂ ಅದೇ ಹೆಸರು. ಇದಕ್ಕೂ ಅದೇ ಹೆಸರಿಟ್ಟರು. ರಕ್ತ ಪರೀಕ್ಷೆಯಲ್ಲಿ ‘ಸಂಧಿವಾತದ ಅಂಶ ಇಲ್ಲ’ ಎಂದು ಬಂತು. ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಬೆರಳು ನೋಡಿದವರು ತಲೆ ನೋಡಲಿಲ್ಲ, ತಲೆಗೆ ಮುಲಾಮು ಕೊಟ್ಟವರು ಹಿಮ್ಮಡಿಯನ್ನು ಕೇಳಲಿಲ್ಲ. ಎರಡೂ ಒಂದೇ ರೋಗದ್ದೆಂದು ಬೆಳಗಾವಿಯ ವೈದ್ಯರೊಬ್ಬರು ಹೇಳುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಇಂದು ಅಣ್ಣನ ಎರಡು ಬೆರಳು ಮಡಚುವುದಿಲ್ಲ. ಹರಿದ ನೂಲಿಗೆ ಗಂಟು ಹಾಕಲು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ.

ಆ ರಕ್ತ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದು ಹುಡುಕಿದ್ದು ರುಮಟಾಯ್ಡ್ ಎಂಬ ಬೇರೊಂದು ಸಂಧಿವಾತದಲ್ಲಿ ಸಾಮಾನ್ಯವಾಗಿ ಕಾಣುವ ಅಂಶವನ್ನು. ಸೋರಿಯಾಟಿಕ್ ಸಂಧಿವಾತದಲ್ಲಿ ಹೆಚ್ಚಿನವರಿಗೆ ಅದು ಇರುವುದೇ ಇಲ್ಲ. ಎಕ್ಸ್-ರೇಯಲ್ಲಿ ಬದಲಾವಣೆ ಕಾಣುವಷ್ಟರಲ್ಲಿ ಕೀಲು ಸವೆಯತೊಡಗಿರುತ್ತದೆ. ಐರ್ಲೆಂಡಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಜ್ಞರನ್ನು ಕಾಣುವುದು ಆರು ತಿಂಗಳು ತಡವಾದವರಲ್ಲೂ ಕೀಲಿನ ಹಾನಿ ಹೆಚ್ಚಾಗಿತ್ತು. ಸವೆದ ಕೀಲನ್ನು ಮೊದಲಿನಂತೆ ಮಾಡುವ ಔಷಧಿ ಇನ್ನೂ ಇಲ್ಲ.

ಹಾಗಾದರೆ ಮುಂಚೆಯೇ ತಿಳಿಯುವುದು ಹೇಗೆ? ದೊಡ್ಡ ಯಂತ್ರವೇನೂ ಬೇಡ. ಇಂಗ್ಲೆಂಡಿನ ವೈದ್ಯರು 2009ರಲ್ಲಿ ‘ಪೆಸ್ಟ್’ ಎಂಬ ಚಿಕ್ಕ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಸೋರಿಯಾಸಿಸ್ ಇರುವವರಿಗೆ ಕೇಳಬೇಕಾದ ಅದರ ಐದು ಪ್ರಶ್ನೆಗಳ ಸಾರಾಂಶ ಇಷ್ಟು:

1. ಎಂದಾದರೂ ನಿಮ್ಮ ಕೀಲು ಊದಿಕೊಂಡಿತ್ತೇ?
2. ನಿಮಗೆ ಸಂಧಿವಾತವಿದೆ ಎಂದು ವೈದ್ಯರು ಹೇಳಿದ್ದರೇ?
3. ಕೈ ಅಥವಾ ಕಾಲಿನ ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ?
4. ಹಿಮ್ಮಡಿಯಲ್ಲಿ ನೋವು ಬಂದಿತ್ತೇ?
5. ಯಾವ ಕಾರಣವೂ ಕಾಣದೆ ಇಡೀ ಬೆರಳು ಊದಿ ನೋಯುತ್ತಿತ್ತೇ?

ಮೂರು ಅಥವಾ ಹೆಚ್ಚು ‘ಹೌದು’ ಬಂದರೆ ಸಂಧಿವಾತ ತಜ್ಞರನ್ನು ಕಾಣಬೇಕು. ಉಗುರಿಗೂ ಕೀಲಿಗೂ ಏನು ಸಂಬಂಧವೆಂದು ಮಕ್ಕಳು ಕೇಳುತ್ತಾರೆ. ಸ್ನಾಯುರಜ್ಜು ಮೂಳೆಗೆ ಬಂದು ಅಂಟುವ ಜಾಗದಲ್ಲಿ ಈ ರೋಗದ ಉರಿಯೂತ ಹೆಚ್ಚು. ಹಿಮ್ಮಡಿಯ ಹಿಂಭಾಗ ಅಂಥದೊಂದು ಜಾಗ. ಬೆರಳಿನ ಕೊನೆಯ ಗಂಟಿನ ಬಳಿಯೂ ಹಾಗೆಯೇ. ಅಲ್ಲಿಯ ರಜ್ಜುವಿನ ಎಳೆಗಳು ಉಗುರಿನ ಬುಡದವರೆಗೆ ಹರಡಿರುತ್ತವೆ. ಆದ್ದರಿಂದಲೇ ಉಗುರು ಕೆಟ್ಟರೆ ಪಕ್ಕದ ಗಂಟಿನ ಮೇಲೆ ಸಂಶಯಪಡಬೇಕು.

ಆದರೆ ಇದು ಜರಡಿ ಮಾತ್ರ, ತಕ್ಕಡಿಯಲ್ಲ. ಜೋಳ ಜರಡಿ ಹಿಡಿದಾಗ ಒಂದೆರಡು ಹರಳು ಉಳಿಯುವಂತೆ, ರೋಗವಿಲ್ಲದವರೂ ಇದರಲ್ಲಿ ಸಿಕ್ಕಿಕೊಳ್ಳಬಹುದು, ರೋಗವಿದ್ದವರೂ ತಪ್ಪಿಸಿಕೊಳ್ಳಬಹುದು. ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಹಿಮ್ಮಡಿ ನೋವು ಬರಲು ಬೇರೆ ಕಾರಣಗಳೂ ಇವೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲು ಅಥವಾ ಬೆನ್ನು ಬಿಗಿಯಾಗಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ, ಮೂರು ‘ಹೌದು’ ಆಗದಿದ್ದರೂ ತೋರಿಸುವುದೇ ಲೇಸು. ಒಮ್ಮೆ ಕೇಳಿ ಬಿಟ್ಟರೂ ಸಾಲದು. ಬ್ರಿಟನ್ನಿನ 2012ರ ಮಾರ್ಗಸೂಚಿ ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಹೇಳಿತು. ಚರ್ಮದ ರೋಗ ಶುರುವಾದ ಮೊದಲ ಹತ್ತು ವರ್ಷಗಳಲ್ಲಂತೂ ವಿಶೇಷವಾಗಿ.

ರಾಮದುರ್ಗದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ, ನಿಜ. ಅದಕ್ಕಾಗಿಯೇ ಹೋದ ದಿನ ಮಾತು ಪೂರ್ತಿಯಾಗಬೇಕು. ಕೀಲು ತೋರಿಸಲು ಹೋದವರು ಅಂಗಿಯ ತೋಳು ಮಡಚಿ ಕಲೆಯನ್ನೂ ತೋರಿಸಬೇಕು. ಕಲೆ ತೋರಿಸಲು ಹೋದವರು ನೋವನ್ನೂ ಹೇಳಬೇಕು. ಎರಡನ್ನೂ ಬಲ್ಲವರು ರೋಗಿಯೊಬ್ಬರೇ. ನಾಚಿಕೆಯಿಂದ ಮುಚ್ಚಿಟ್ಟ ಕಲೆ ವೈದ್ಯರಿಗೂ ಕಾಣುವುದಿಲ್ಲ.

ಬೇಗ ಗೊತ್ತಾದರೆ ಚಿಕಿತ್ಸೆ ಇದೆ. ಅದರಲ್ಲಿ ಎಚ್ಚರವೂ ಬೇಕು. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಗುಳಿಗೆ. ದಿನಾಲೂ ನುಂಗಿದರೆ ಪ್ರಾಣಕ್ಕೇ ಅಪಾಯ. ಓದು ಬಾರದ ಹಿರಿಯರಿದ್ದ ಮನೆಯಲ್ಲಿ ಯಾವ ವಾರ ಯಾವ ದಿನವೆಂದು ಬರೆದಿಡುವ ಕೆಲಸ ಮಕ್ಕಳದ್ದು. ಹಾಗೆಯೇ ಸ್ಟಿರಾಯ್ಡ್ ಗುಳಿಗೆಯನ್ನು ತಾವಾಗಿಯೇ ನುಂಗಿ ಥಟ್ಟನೆ ಬಿಟ್ಟರೆ ಸೋರಿಯಾಸಿಸ್ ಉಲ್ಬಣಿಸಬಹುದು.

ಪ್ರತಿ ವರ್ಷ ಶಾಲೆ ಶುರುವಾಗುವ ವಾರ ಈ ಐದು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡು ಉತ್ತರವನ್ನು ಡೈರಿಯಲ್ಲಿ ಬರೆಯುತ್ತೇನೆ. ಹಲವು ವರ್ಷ ಸೊನ್ನೆ ಇತ್ತು, ಆಮೇಲೆ ಒಂದಾಯಿತು. ಈ ಸಲ ಎರಡು: ಉಗುರು ಮತ್ತು ಹಿಮ್ಮಡಿ. ಮೂರಾಗಿರಲಿಲ್ಲ, ಆದರೆ ಬೆಳಗಿನ ಬಿಗಿತವೂ ಇತ್ತು. ಇಂಥ ರೋಗ ಮನೆತನದಲ್ಲಿ ಹರಿದು ಬರುವುದುಂಟು. ಅಣ್ಣನ ಕೈಯನ್ನು ದಿನವೂ ನೋಡಿದವನು ನಾನು. ದಸರೆಯ ರಜೆಗೆ ಕಾಯದೆ ತಜ್ಞರಲ್ಲಿಗೆ ಹೋಗಿ ಬಂದೆ. ಕೀಲುಗಳನ್ನೆಲ್ಲ ಒತ್ತಿ ನೋಡಿದರು. ಸದ್ಯ ಹಾನಿಯಿಲ್ಲ, ಮೂರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಸೋರಿಯಾಸಿಸ್ ಇರುವ ಅಜ್ಜ, ಅವ್ವ, ಕಾಕಾ ಯಾರಾದರೂ ಇದ್ದರೆ ಈ ವಾರ ಪಕ್ಕದಲ್ಲಿ ಕೂತು ಐದು ಪ್ರಶ್ನೆ ಕೇಳಿ. ಅವರ ಉಗುರುಗಳನ್ನು ಬಿಸಿಲಿಗೆ ಹಿಡಿದು ನೋಡಿ. ಉತ್ತರ ಬರೆದ ಹಾಳೆಗೆ ದಿನಾಂಕ ಹಾಕಿ ಅವರ ಕೈಗೇ ಕೊಡಿ. ಆಸ್ಪತ್ರೆಗೆ ಹೋಗುವಾಗ ಅದು ಅವರ ಚೀಲದಲ್ಲಿರಲಿ.