ಬೋರಲು ಮಲಗಿದರೆ ಕತ್ತು ಹಿಡಿಯುತ್ತೆ

ನಾಟಿ ಶುರುವಾದಾಗಿನಿಂದ ನಮ್ಮವ್ವನಿಗೆ ಸೊಂಟ ನೋವು. ಹಗಲೆಲ್ಲಾ ಬಗ್ಗಿ ಪೈರು ನೆಟ್ಟು ಬಂದು ರಾತ್ರಿ ಬೋರಲು ಮಲಗುತ್ತಾಳೆ. "ಹಿಂಗೆ ಮಲಗಿದ್ರೇನೇ ಹಿತ ಕಣೇ" ಅಂತಾಳೆ. ಬೆಳಿಗ್ಗೆ ನೋಡಿದರೆ ಕತ್ತೂ ಹಿಡಿದಿರುತ್ತದೆ.

ಏಕೆಂದರೆ ಬೋರಲು ಮಲಗಿದಾಗ ಉಸಿರಾಡಲು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಲೇಬೇಕು. ಕತ್ತಿನಲ್ಲಿರುವುದು 7 ಮೂಳೆ. (ಜಿರಾಫೆಗೂ ಅಷ್ಟೇ!) ಗಂಟೆಗಟ್ಟಲೆ ತಿರುಚಿಕೊಂಡೇ ಇದ್ದರೆ ನೋಯದೆ ಇರುತ್ತದೆಯೇ? ಹೊಟ್ಟೆಯ ಭಾರಕ್ಕೆ ಸೊಂಟವೂ ಕೆಳಕ್ಕೆ ಜಗ್ಗುತ್ತದೆ.

ಅವ್ವನಿಗೆ ಮಗ್ಗುಲಾಗಿ ಮಲಗಲು ಹೇಳಿದೆ. ಮಂಡಿಗಳ ನಡುವೆ ಹಳೇ ಸೀರೆ ಮಡಿಸಿ ಇಟ್ಟೆವು. ದಿಂಬು ಕಿವಿಗೂ ಭುಜದ ತುದಿಗೂ ನಡುವಿನ ಜಾಗ ತುಂಬುವಷ್ಟು ದಪ್ಪ ಇದ್ದರೆ ಸಾಕು. ತೀರಾ ಎತ್ತರವಾದರೆ ಕತ್ತು ಸೊಟ್ಟಗಾಗುತ್ತದೆ. ಅಂಗಾತ ಮಲಗುವವರು ಮಂಡಿ ಕೆಳಗೆ ಒಂದು ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ಅಜ್ಜಿ "ಬಲಮಗ್ಗುಲಲ್ಲಿ ಏಳು" ಅಂತ ದಿನಾ ಬೈಯುವುದೂ ಒಳ್ಳೆಯದಕ್ಕೇ. ಯಾವ ಮಗ್ಗುಲಾದರೂ ಸರಿ, ಕೈಯೂರಿ ಎದ್ದರೆ ಸೊಂಟದ ಮೇಲೆ ಭಾರ ಕಡಿಮೆ.

ಇನ್ನೊಂದು ತಮಾಷೆ. ಬೆನ್ನುಮೂಳೆಗಳ ನಡುವಿನ ಮೆತ್ತನೆ ಬಿಲ್ಲೆಗಳು ರಾತ್ರಿ ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ನಾವು ಸುಮಾರು 1 ಸೆಂ.ಮೀ. ಹೆಚ್ಚು ಎತ್ತರ ಇರುತ್ತೇವೆ! ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ಗೆರೆ ಹಾಕಿಸಿ, ಸಂಜೆ ಮತ್ತೆ ನಿಂತು ನೋಡಿ.

ಅವ್ವನ ಕತ್ತು ಈಗ ಪರವಾಗಿಲ್ಲ. ಸೊಂಟ ಮಾತ್ರ ಹಾಗೇ ಇದೆ. ಬಗ್ಗುವುದು ನಿಂತಿಲ್ಲವಲ್ಲ. ಕಾಲು ಮರಗಟ್ಟಿದರೆ ಮಾತ್ರ ಡಾಕ್ಟರ ಹತ್ತಿರ ಹೋಗಲೇಬೇಕು ಅಂದೆ. "ಇನ್ನೆರಡು ಗದ್ದೆ ಐತೆ, ತಡಿ" ಅಂದಳು.