ಕೆಸರಿಗೂ ಸೈಜ್ ಉಂಟಾ?

ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ಬಂದ ದಿನವೇ ಹಾಸ್ಟೆಲ್‌ನಲ್ಲಿ ನಮ್ಮ ತಂಡಕ್ಕೆ 'ಕೆಸರು ಗ್ಯಾಂಗ್' ಅಂತ ಹೆಸರು ಬಿತ್ತು. ಉಳಿದವರದ್ದೆಲ್ಲ ಮಷಿನ್ ಲರ್ನಿಂಗ್, ಡ್ರೋನ್. ನಮ್ಮದು ಮಂಗಳೂರಿನ ಅಳಿವೆಯ ನೀರಿನಲ್ಲಿ ತೇಲುವ ಕೆಸರಿನ ಕಣ ಎಷ್ಟು ದೊಡ್ಡದು ಅಂತ ಅಳೆಯುವುದು.

ಈ ವಿಷಯ ಹಿಡಿದದ್ದಕ್ಕೆ ಕಾರಣ ನನ್ನ ಮಾವ. ಅವರದ್ದೊಂದು ಸಣ್ಣ ದೋಣಿ ಉಂಟು. ಇಳಿತದ ಹೊತ್ತಿಗೆ ಅದು ದಕ್ಕೆಯ ಹತ್ತಿರವೇ ಕೆಸರಿನಲ್ಲಿ ಕೂತುಬಿಡುತ್ತದೆ. ನೀರು ಏರುವವರೆಗೆ ಕಾಯಬೇಕು, ಅಷ್ಟರಲ್ಲಿ ಮೀನಿಗೆ ಒಳ್ಳೆ ರೇಟು ಹೋಗಿರುತ್ತದೆ. "ಹೂಳು ತೆಗೆದರೂ ಮತ್ತೆ ತುಂಬುತ್ತದಲ್ಲ ಮಾರಾಯ, ನದಿ ಕೆಸರು ಸಮುದ್ರಕ್ಕೆ ಹೋಗುವುದಿಲ್ವಾ?" ಅಂತ ಅವರು ಕೇಳುತ್ತಿದ್ದರು. ಅದಕ್ಕೆ ಮೊದಲು ಕಣದ ಸೈಜ್ ಗೊತ್ತಾಗಬೇಕು ಅಂದಾಗ ನಕ್ಕರು: "ಎಂತ, ಕೆಸರಿಗೂ ಸೈಜ್ ಉಂಟಾ?"

ಉಂಟು. ಆದರೆ ಒಂದೇ ಸೈಜ್ ಅಲ್ಲ. ಅದೇ ಈ ಬರಹದ ವಿಷಯ.

ನೇತ್ರಾವತಿ, ಗುರುಪುರ ನದಿಗಳೆರಡೂ ಒಂದೇ ಅಳಿವೆಬಾಗಿಲಿನಿಂದ ಅರಬ್ಬಿ ಸಮುದ್ರ ಸೇರುತ್ತವೆ. ಒಂದು ಕಡೆ ಉಳ್ಳಾಲ, ಇನ್ನೊಂದು ಕಡೆ ಬೆಂಗ್ರೆ. ಮಳೆಗಾಲದಲ್ಲಿ ಇಲ್ಲಿ ನದಿಯದ್ದೇ ಕಾರುಬಾರು. ಮಳೆ ನಿಂತ ಮೇಲೆ ಉಬ್ಬರ-ಇಳಿತದ್ದು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹರಿವು ದಿಕ್ಕು ಬದಲಿಸುವಾಗ ನೀರು ಸ್ವಲ್ಪ ಹೊತ್ತು ಹೆಚ್ಚುಕಡಿಮೆ ನಿಂತೇ ಬಿಡುತ್ತದೆ.

ಲ್ಯಾಬಿನ ಪದ್ಧತಿ ಸರಳ. ಬಾಟಲಿಯಲ್ಲಿ ತಂದ ನೀರಿನ ಕೆಸರಿಗೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ, ಅಲ್ಟ್ರಾಸೋನಿಕ್ ಬಾತ್‌ನಲ್ಲಿಟ್ಟು ಕಣಗಳನ್ನು ಬಿಡಿಬಿಡಿ ಮಾಡಬೇಕು. ಆಮೇಲೆ ಲೇಸರ್ ಯಂತ್ರಕ್ಕೆ ಕೊಟ್ಟರೆ ಅಂದವಾದ ಗ್ರಾಫ್ ಬರುತ್ತದೆ. ಅದರಿಂದ ಕಣ ಬೀಳುವ ವೇಗ ತೆಗೆಯಲು ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರವಿದೆ. ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀವೇ ಹಾಕಿ ನೋಡಿ: ನಿಂತ ನೀರಿನಲ್ಲಿ 0.01 ಮಿ.ಮೀ. ಕಣ 1 ಮೀಟರ್ ಇಳಿಯಲು ಸುಮಾರು 3 ಗಂಟೆ ಬೇಕು. 0.002 ಮಿ.ಮೀ. ಜೇಡಿಕಣಕ್ಕೆ ಅದರ 25 ಪಟ್ಟು, ಅಂದರೆ 3 ದಿನಕ್ಕಿಂತ ಜಾಸ್ತಿ. ಅಷ್ಟರಲ್ಲಿ ಆರೇಳು ಉಬ್ಬರ-ಇಳಿತ ಆಗಿಹೋಗುತ್ತದೆ. ಈ ಲೆಕ್ಕ ನಂಬಿದರೆ ಜೇಡಿ ದಕ್ಕೆಯ ಹತ್ತಿರ ಕೂರಲು ಸಾಧ್ಯವೇ ಇಲ್ಲ, ಇಳಿತದ ಜೊತೆ ಸಮುದ್ರ ಸೇರಬೇಕು.

ಆದರೆ ಮಾವನ ದೋಣಿ ಕೂತಿರುವುದು ಜೇಡಿಯ ಮೇಲೆಯೇ! ಕೈಯಲ್ಲಿ ಹಿಡಿದರೆ ಬೆಣ್ಣೆ ಹಾಗೆ ಜಾರುತ್ತದೆ.

ಉತ್ತರ ಇರುವುದು ಉಪ್ಪಿನಲ್ಲಿ. ಜೇಡಿಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಸಮುದ್ರದ ಉಪ್ಪುನೀರು ಬೆರೆತಾಗ ಅದರ ಧನ ಅಯಾನುಗಳು ಆ ತಳ್ಳಾಟವನ್ನು ತಗ್ಗಿಸುತ್ತವೆ. ಆಗ ಡಿಕ್ಕಿ ಹೊಡೆದ ಕಣಗಳು ಅಂಟಿಕೊಳ್ಳುತ್ತವೆ. ಸೂಕ್ಷ್ಮಜೀವಿಗಳ ಲೋಳೆಯೂ ಗೋಂದಿನ ಹಾಗೆ ಸೇರುತ್ತದೆ. ಕಲಕಿದ ನೀರಿಗೆ ಪಟಿಕ ಹಾಕಿದರೆ ಕೆಸರು ಗುಪ್ಪೆಯಾಗಿ ತಳ ಸೇರುತ್ತದಲ್ಲ, ಹೆಚ್ಚುಕಡಿಮೆ ಅದೇ ಕಥೆ. ಈ ಗುಪ್ಪೆಗೆ ಫ್ಲಾಕ್ ಅನ್ನುತ್ತಾರೆ. ಅದರ ಒಳಗೆ ಬಹುಪಾಲು ನೀರೇ, ಸಾಂದ್ರತೆ ತೀರಾ ಕಮ್ಮಿ. ಆದರೂ ಗಾತ್ರ ದೊಡ್ಡದಾದ್ದರಿಂದ ಸೆಕೆಂಡಿಗೆ 1 ಮಿ.ಮೀ. ಆಸುಪಾಸಿನ ವೇಗದಲ್ಲಿ ಇಳಿಯಬಲ್ಲದು. ಮೂರು ದಿನದ ದಾರಿ ಹದಿನೇಳು ನಿಮಿಷಕ್ಕೆ ಬಂತು!

ತೊಂದರೆ ಏನೆಂದರೆ ಫ್ಲಾಕ್ ಬಹಳ ನಾಜೂಕು. ಪಂಪ್‌ನಲ್ಲಿ ಎಳೆದರೆ ಒಡೆಯುತ್ತದೆ, ಬಾಟಲಿ ಕುಲುಕಿದರೆ ಒಡೆಯುತ್ತದೆ. ಇನ್ನು ಹೆಕ್ಸಾಮೆಟಾಫಾಸ್ಫೇಟ್ ಹಾಕುವುದೇ ಅದನ್ನು ಒಡೆಯಲಿಕ್ಕೆ. ನೀರಿನೊಳಗೇ ಇಳಿಸಿ ಅಳೆಯುವ 'ಲಿಸ್ಟ್' ಎಂಬ ಲೇಸರ್ ಉಪಕರಣ ಇದೆ, ನಮ್ಮ ಬಜೆಟ್‌ಗೆ ನಿಲುಕದ್ದು. ಹಾಗಾಗಿ ಇಂಗ್ಲೆಂಡಿನ ವಾಲಿಂಗ್‌ಫರ್ಡ್‌ನಲ್ಲಿ ರೂಪುಗೊಂಡ ಓವೆನ್ ಟ್ಯೂಬ್ ಮಾದರಿಯಲ್ಲಿ ನಾವೇ ಒಂದು ಕೊಳವೆ ಮಾಡಿಕೊಂಡೆವು. 1 ಮೀಟರ್ ಉದ್ದದ ಅಕ್ರಿಲಿಕ್ ಪೈಪು, ಎರಡೂ ತುದಿಗೆ ರಬ್ಬರ್ ಬಿರಡೆ, ಕೆಳಗೊಂದು ನಲ್ಲಿ. ಹರಿವಿನ ದಿಕ್ಕಿಗೆ ಅಡ್ಡಡ್ಡಲಾಗಿ ಮಲಗಿಸಿ ಇಳಿಸಿದರೆ ಫ್ಲಾಕ್ ಒಡೆಯುತ್ತದೆ, ಆದ್ದರಿಂದ ಹರಿವಿನ ಜೊತೆಗೇ ಉದ್ದಕ್ಕೆ ಹಿಡಿಯಬೇಕು. ಮುಚ್ಚಿ, ಮೇಲೆತ್ತಿ, ನೆಟ್ಟಗೆ ನಿಲ್ಲಿಸಿದ ಕ್ಷಣ ಸ್ಟಾಪ್‌ವಾಚ್ ಶುರು. ಗೊತ್ತಾದ ಹೊತ್ತಿಗೆ ತಳದಿಂದ ಸ್ವಲ್ಪ ಸ್ವಲ್ಪ ನೀರು ತೆಗೆದು, ಸೋಸಿ, ಒಣಗಿಸಿ, ತೂಗುವುದು. ದೋಣಿ ಅಲುಗಾಡುತ್ತದೆ ಅಂತ ದಕ್ಕೆಯ ಕಟ್ಟೆ ಮೇಲೆ ಸ್ಟ್ಯಾಂಡ್ ಇಟ್ಟೆವು. ಮಾವ ಬಿರಡೆ ಹಿಡಿದುಕೊಂಡರು.

ಫಿಲ್ಟರ್ ಪೇಪರ್‌ಗಳನ್ನು ಸಾಲಾಗಿ ಜೋಡಿಸಿದಾಗ ತೂಗುವ ಮೊದಲೇ ಕಥೆ ಗೊತ್ತಾಯಿತು. ಮೊದಲ ಕೆಲವು ಪೇಪರ್ ಕಂದು, ಆಮೇಲಿನವು ಬರಬರುತ್ತಾ ಬಿಳಿ. ಅಂದರೆ ನೀರು ನಿಂತ ಆ ಸ್ವಲ್ಪ ಹೊತ್ತಿನಲ್ಲೇ ಕೆಸರು ಅಲ್ಲೇ ಇಳಿಯಬಲ್ಲದು. ಹರಿವು ಜೋರಾದಾಗ ಒಂದಿಷ್ಟು ಮತ್ತೆ ಏಳುತ್ತದೆ, ಒಂದಿಷ್ಟು ಉಳಿದುಕೊಳ್ಳುತ್ತದೆ.

ವೈವಾದಲ್ಲಿ ಪರೀಕ್ಷಕರು, "ಎರಡು ಟೇಬಲ್ ಕೊಟ್ಟಿದ್ದೀರಿ, ಯಾವುದು ಸರಿ?" ಅಂದರು. ಎರಡೂ ಸರಿ ಸಾರ್, ಪ್ರಶ್ನೆ ಬೇರೆ ಬೇರೆ ಅಂದೆವು. ಕೆಸರು ಯಾವುದರಿಂದ ಆಗಿದೆ ಅಂತ ಕೇಳಿದರೆ ಲ್ಯಾಬಿನ ಟೇಬಲ್. ಎಲ್ಲಿ ಕೂರುತ್ತದೆ ಅಂತ ಕೇಳಿದರೆ ಕೊಳವೆಯದ್ದು. ಮೊದಲನೆಯದನ್ನೇ ಹೂಳಿನ ಲೆಕ್ಕಕ್ಕೆ ಹಾಕಿದರೆ ಕಾಗದದಲ್ಲಿ ಕೆಸರೆಲ್ಲ ಸಮುದ್ರಕ್ಕೆ ಹೋಗುತ್ತದೆ, ದೋಣಿ ಮಾತ್ರ ಕೂತಲ್ಲೇ ಕೂತಿರುತ್ತದೆ.

ಜೂನಿಯರ್‌ಗಳಿಗೆ ಒಂದು ಮಾತು. ಕೊಳವೆ ಈಗಲೂ ಲ್ಯಾಬಿನ ಬೀರುವಿನ ಹಿಂದೆ ಇದೆ. ನಾವು ಅಳೆದದ್ದು ಮಳೆ ನಿಂತ ಮೇಲಿನ ಕೆಸರು ಮಾತ್ರ, ಜುಲೈ ತಿಂಗಳ ಕೆಂಪು ನೀರು ಬಾಕಿ ಉಂಟು. ಬಿರಡೆ ಹೊಸದು ಹಾಕಿಕೊಳ್ಳಿ.